ದಾರದಂಥ ದಾರೂ

ಅನುವಾದಕಿಯ ಕೆಲಸದ ಸಂದರ್ಶನಕ್ಕೆ ಬೀದರಿಗೆ ಹೋದಾಗ ನನ್ನ ಹಣೆಬರಹ ಒಂದೇ ಪದಕ್ಕೆ ಸಿಕ್ಕಿಕೊಂಡಿತ್ತು. ಲಿಖಿತ ಪರೀಕ್ಷೆಯಲ್ಲಿ ಹಳೆಯ ಸೈನಿಕನೊಬ್ಬನ ಇಂಗ್ಲಿಷ್ ಬರಹ ಕೊಟ್ಟಿದ್ದರು. ಗುಂಡು ಹಾರಿಸುವುದು ನಿಂತ ಮೇಲೂ ಗಾಳಿಯಲ್ಲಿ ಕಾರ್ಡೈಟ್ ವಾಸನೆ ಉಳಿದಿತ್ತು ಎಂಬ ಸಾಲು ಅದರಲ್ಲಿತ್ತು. ಆ ಪದ ನಾನು ಕೇಳಿರಲೇ ಇಲ್ಲ. ಖಾಲಿ ಬಿಡಲು ಮನಸ್ಸಾಗದೆ ‘ದಾರ ಸುಟ್ಟ ವಾಸನೆ’ ಎಂದು ಬರೆದು ಬಂದಿದ್ದೆ.

ಔರಾದ ತಾಲೂಕಿನ ಡಾಬಕಾ ನಮ್ಮೂರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಭಾಲ್ಕಿಯಲ್ಲಿ ಹಾಸ್ಟೆಲಿನ ಊಟ ಉಂಡು ಓದಿದ್ದೇನೆ. ಓದಿದ್ದಕ್ಕೆ ತಕ್ಕ ಕೆಲಸವೇ ಬೇಕೆಂಬ ಹಟವಿತ್ತು.

ಮೇಜಿನ ಆಚೆ ಇಬ್ಬರಿದ್ದರು. ಒಬ್ಬರು ಮೈಸೂರು ಕಡೆಯ ಮೇಡಂ. ಇನ್ನೊಬ್ಬರು ಬೀದರಿನವರೇ, ನಿವೃತ್ತ ಉರ್ದು ಮೇಷ್ಟ್ರು.

“ಯುದ್ಧಭೂಮಿಗೆ ದಾರ ಹೇಗೆ ಬಂತಮ್ಮ?” ಎಂದರು ಮೇಡಂ.

“ಪದದಾಗ ಕಾರ್ಡ್ ಕಾಣ್ತು ಮೇಡಂ. ಕಾರ್ಡ್ ಅಂದ್ರ ದಾರ, ಹುರಿ. ಮುಂದಿಂದು ಗೊತ್ತಾಗಲಿಲ್ರಿ.”

“ರೇಷನ್ ಕಾರ್ಡ್ ಅಂತ ಬರೀಲಿಲ್ಲಲ್ಲ, ಬಚಾವಾದಿ” ಎಂದು ಮೇಷ್ಟ್ರು ನಕ್ಕರು. “ಅರ್ಧಾ ಖರೆ ಅದ ಬೇಟಿ. ಅದು ಬಂದೂಕಿಗಿ ತುಂಬೋ ಬಾರೂದ. ಹಳೀ ಕರಿ ಪುಡಿ ಹಾರಿಸಿದ್ರ ಹೊಗಿ ಏಳ್ತಿತ್ತು, ಎಲ್ಲಿ ಕುಂತಾನಂತ ವೈರಿಗಿ ಗೊತ್ತಾಗ್ತಿತ್ತು. ಇದರಾಗ ಹೊಗಿ ಭಾಳ ಕಡಿಮಿ, ಇಲ್ಲೇ ಇಲ್ಲ ಅಂದ್ರೂ ನಡೀತದ. ಶಾವಿಗಿ ಹೊಸದಂಗ ಎಳಿ ತೆಗದು ಮಾಡ್ತಿದ್ರು, ಅದಕ್ಕ ಆ ಹೆಸರು. ಈಗ ಹೇಳು, ನಿಮ್ಮವ್ವಗ ಇದು ಹ್ಯಾಂಗ ತಿಳಸ್ತಿ?”

ಅವ್ವನ ಮಾತಿನಲ್ಲಿ ಅರ್ಧ ಮರಾಠಿ. ಯೋಚಿಸುವ ಮೊದಲೇ ಬಾಯಿಂದ ಬಂತು: “ದಾರದಂಥ ದಾರೂ ಅಂತೀನ್ರಿ.”

ಮೇಡಂ ಹುಬ್ಬು ಏರಿಸಿದರು. “ದಾರೂ ಅಂದ್ರೆ ಹೆಂಡ ಅಲ್ವಾ?”

“ಕುಡಿಯೋದೂ ದಾರೂನೇರಿ, ಸಿಡಿಯೋದೂ ದಾರೂನೇ. ನಮ್ಮ ಕಡಿ ಮದವ್ಯಾಗ ದಾರೂ ಹಾರಸ್ತಾರ್ರಿ.”

“ಕೆಲವರು ಎರಡೂ ಮಾಡ್ತಾರ” ಎಂದರು ಮೇಷ್ಟ್ರು.

ಮೇಡಂ ನಗಲಿಲ್ಲ. ಉತ್ತರಪತ್ರಿಕೆಯನ್ನು ನನ್ನ ಕಡೆ ತಿರುಗಿಸಿದರು. “ಇದು ಪುಸ್ತಕವಾಗುತ್ತೆ. ಚಾಮರಾಜನಗರದವರೂ ಓದ್ತಾರೆ. ಅವರಿಗೆ?”

ಬರೀ ಮದ್ದು ಎಂದರೆ ಔಷಧಿಯಾದೀತು. ನನ್ನ ಸಾಲನ್ನು ಹೊಡೆದುಹಾಕಿ ಮೇಲೆ ಬರೆದೆ: ‘ಸಿಡಿಮದ್ದಿನ ವಾಸನೆ ಇನ್ನೂ ಗಾಳಿಯಲ್ಲಿತ್ತು.’ ಹೊಗೆ, ಎಳೆ ಯಾವುದನ್ನೂ ಸೇರಿಸಲಿಲ್ಲ.

“ದಾರ ಎಲ್ಲಿ ಹೋಯ್ತು?” ಎಂದರು ಮೇಡಂ.

“ಅದು ಅಡಿಟಿಪ್ಪಣಿಗಿ ಇರಲಿರಿ. ಸೈನಿಕಗ ವಾಸನಿ ಅಷ್ಟೇ ಬಂದಿತ್ತು.”

ಮೇಡಂ ಇನ್ನೊಮ್ಮೆ ಓದಿ ಮೇಷ್ಟ್ರ ಕಡೆ ನೋಡಿದರು. “ಗೊತ್ತಿಲ್ಲದ ಪದ ಬಂದರೆ ಇನ್ನು ಮುಂದೆ ಊಹೆ ಮಾಡಬಾರದು. ನಮ್ಮನ್ನ ಕೇಳಬೇಕು” ಎಂದರು.

‘ಇನ್ನು ಮುಂದೆ’ ಎಂದದ್ದು ಹೊರಗೆ ಮೆಟ್ಟಿಲಿಳಿಯುವಾಗ ನನಗೆ ಅರ್ಥವಾಯಿತು. ಅಲ್ಲೇ ನಿಂತು ಅವ್ವನಿಗೆ ಫೋನ್ ಹಚ್ಚಿದೆ.