ಕುರ್ಚಿ ಮ್ಯಾಲಿನ ಚಪ್ಪಾಳಿ

ಶಿಗ್ಗಾವಿಯೊಳಗಿನ ನನ್ನ ಬಾಡಿಗಿ ಖೋಲ್ಯಾಗ ಮಂಚದ ಬಾಜೂಕ ಒಂದ ಕುರ್ಚಿ ಹಿಡಿಸತೈತಿ. ಮೊಣಕಾಲು ಕೆಟ್ಟಾವು, ಜಿಗಿದು ವ್ಯಾಯಾಮ ಮಾಡೂದು ಆಗೂದಿಲ್ಲ. ಅದಕ್ಕ ದಿನಾ ಮುಂಜಾನೆ ಕುರ್ಚಿ ಮ್ಯಾಲ ಕುಂತು, ಬೆವರು ಇಳಿಯೂತನಕ ಜೋರಾಗಿ ಚಪ್ಪಾಳಿ ಹೊಡೀತೇನಿ. ಓಡಿ ಬಂದವರಂಗ ಎದಿ ಬಡಕೋತೈತಿ, ಕಾಲಿಗೆ ಏನೂ ತ್ರಾಸಿಲ್ಲ.

ಒಂದಿನ ಬಾಜೂಮನಿ ಗಂಗವ್ವಕ್ಕ ಬದನಿಕಾಯಿ ಪಲ್ಯದ ಬಟ್ಟಲ ಹಿಡಕೊಂಡು ಬಂದ್ರು. "ರೊಟ್ಟಿ ಬಡಿಯೂ ಸಪ್ಪಳ ಕೇಳಿತ್ರಿ. ಪಲ್ಯ ತಗೋರಿ, ಎರಡು ಬಿಸಿ ರೊಟ್ಟಿ ಕೊಡ್ರಿ."

"ರೊಟ್ಟಿ ಅಲ್ರಿ ಅಕ್ಕಾ, ವ್ಯಾಯಾಮ" ಅಂದೆ.

"ಹಿಟ್ಟಿಲ್ಲದ ಇಷ್ಟು ಬಡದ್ರಿ?" ಅಂತ ನಕ್ಕು, ಪಲ್ಯ ಇಟ್ಟು ಹೋದ್ರು.

ಬರಿ ಬಟ್ಟಲ ತಿರುಗಿ ಕೊಡಬಾರದಲ್ಲ, ಮರುದಿನ ಅದರಾಗ ಖಾನಾವಳಿ ರೊಟ್ಟಿ ಮಡಚಿ ಇಟ್ಟು ಕೊಟ್ಟೆ. ಗಂಗವ್ವಕ್ಕ ಒಂದು ತುಣುಕು ಮುರಿದು ನೋಡಿ, "ಯಾರ್ರೀ ಇದನ್ನ ಬಡದವರು? ನಿಮ್ಮ ಕೈಯಾಗಿನ ಕಸುವು ಇದರಾಗಿಲ್ಲ" ಅಂದ್ರು.