ಲುರೀನ್ ಓದುತ್ತಿದ್ದ ದುಂಡು ಕಾಗದ

ನಮ್ಮ ಹ್ಯಾರೋ ಫಾಲ್ಸ್‌ನಲ್ಲಿ ಯಾರು ಎಷ್ಟು ಹೊತ್ತಿಗೆ ಎದ್ದರು ಎಂಬುದು ಪಾದ್ರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಲುರೀನ್ ಟ್ಯಾಲಿಗೆ. ಊರಿನ ನೀರಿನ ಘಟಕದಲ್ಲಿ ಮೂವತ್ತೊಂದು ವರ್ಷ ಕೂತವಳು. ಎದುರು ಗೋಡೆಯಲ್ಲಿ ತಟ್ಟೆಯಗಲದ ದುಂಡು ಕಾಗದ. ಊರು ಎಳೆಯುವ ನೀರಿಗೆ ತಕ್ಕಂತೆ ಮುಳ್ಳು ಅದರ ಮೇಲೆ ಕೆಂಪು ಗೆರೆ ಬರೆಯುತ್ತಿತ್ತು. ಸೋಮವಾರ ಬೆಳಿಗ್ಗೆ ಐದಕ್ಕೆ ಟವೆಲ್ ಗಿರಣಿಯ ಬಣ್ಣ ಹಾಕುವ ತೊಟ್ಟಿಗಳಿಗೆ ನೀರು ಬಿಟ್ಟರೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು.

ಮೂರನೇ ತೊಟ್ಟಿಯ ಕೆಲಸ ನನ್ನದು. ಪ್ಯಾಕಿಂಗ್ ವಿಭಾಗದ ಹುಡುಗಿ ಆರ್ಡಿತ್ ಹಿಂದೆ ಸುತ್ತುತ್ತಿದ್ದ ಕಾಲ, ಒಂದು ದಿನ ನೀರು ಬಿಡಲು ತಡವಾಯಿತು. ಕೂಡಲೇ ಲುರೀನ್ ಫೋನು.

"ಏನಪ್ಪಾ ಹಾಯ್ಟ್, ನಿನ್ನ ತೊಟ್ಟಿಗೆ ಇವತ್ತು ಬಾಯಾರಿಕೆ ಇಲ್ವಾ? ಪ್ಯಾಕಿಂಗ್ ಕಡೆ ಹೋಗಿದ್ಯಾ?"

ಗಿರಣಿಯವರು ಒಂದು ವಾರ ನಕ್ಕರು. ನಮ್ಮ ಮದುವೆಯ ಕೇಕ್ ಕತ್ತರಿಸುವಾಗಲೂ ಲುರೀನ್ ಅದನ್ನೇ ಎತ್ತಿ ಆಡಿದಳು. ಆಗ ಗಿರಣಿಯ ನೀರು ಸೇರಿ ಹೊಳೆಗೆ ದಿನಕ್ಕೊಂದು ಬಣ್ಣ. ಅದನ್ನು ಚಂದ ಅಂದುಕೊಂಡಿದ್ದೆವಲ್ಲ ಎಂದು ಈಗ ನಾಚಿಕೆಯಾಗುತ್ತದೆ. ಆದರೂ ಆ ದಿನಗಳು ಮತ್ತೆ ಬೇಕೆನಿಸುತ್ತದೆ, ಏನು ಮಾಡಲಿ.

ಕೆಲಸವೆಲ್ಲ ಬೇರೆ ದೇಶಕ್ಕೆ ಹೋಗಿ ಗಿರಣಿ ಮುಚ್ಚಿತು. ಗಿರಣಿಗೆಂದು ಹಾಕಿದ ದೊಡ್ಡ ಕೊಳವೆಗಳಲ್ಲಿ ನೀರು ಎಳೆಯುವವರಿಲ್ಲದೆ ನಿಂತು ವಾಸನೆ ಹಿಡಿಯಿತು. ವಾರಕ್ಕೊಮ್ಮೆ ಲುರೀನ್ ತಾನೇ ಬೀದಿಗಿಳಿದು, ಬೆಂಕಿ ಆರಿಸುವ ನಲ್ಲಿಗಳನ್ನು ಬಿಚ್ಚಿ ಹಳೇ ನೀರನ್ನು ಹೊರಗೆ ಬಿಡುತ್ತಿದ್ದಳು. ಕೊನೆಗೆ, ಇಷ್ಟು ಕಡಿಮೆ ಬಳಕೆಗೆ ಘಟಕವೇಕೆ, ಮುಚ್ಚಿ ಪಕ್ಕದೂರಿನ ನೀರು ತರೋಣ ಎಂಬ ಮಾತು ಬಂತು. ಮಂಗಳವಾರ ಎಂಜಿನಿಯರ್ ಬಂದು ಬಳಕೆ ನೋಡಿ ತೀರ್ಮಾನಿಸುವುದೆಂದಾಯಿತು. ಆ ಘಟಕ ಬಿಟ್ಟರೆ ಲುರೀನ್‌ಗೆ ಬೇರೆ ಬದುಕಿರಲಿಲ್ಲ.

ಭಾನುವಾರ ಚರ್ಚಿನ ಊಟದಲ್ಲಿ ಗಿರಣಿಯ ಹಳಬರೆಲ್ಲ ಸೇರಿ ಒಂದು ಉಪಾಯ ಮಾಡಿದೆವು. ಮಂಗಳವಾರ ಹತ್ತು ಗಂಟೆಗೆ ತೊಂಬತ್ತು ಮನೆಗಳಲ್ಲಿ ಎಲ್ಲ ನಲ್ಲಿಗಳನ್ನೂ ತೆರೆದಿಡುವುದು. ಅವಳಿಗೆ ಹೇಳಲಿಲ್ಲ, ಹೇಳಿದ್ದರೆ ಬೈದು ಅಟ್ಟುತ್ತಿದ್ದಳು.

ಹತ್ತಕ್ಕೆ ಸರಿಯಾಗಿ, ಆರ್ಡಿತ್ ಮಾಡಿದ ಪೀಚ್ ಹಣ್ಣಿನ ಸಿಹಿ ಕೊಡುವ ನೆಪದಲ್ಲಿ ನಾನು ಘಟಕದಲ್ಲಿದ್ದೆ. ಮುಳ್ಳು ತುಸುವೇ ಅಲುಗಿತು. ಎಂಜಿನಿಯರ್ ಕಾಗದದ ಮೇಲೆ ಕಣ್ಣಾಡಿಸಿದರು. ಬಳಕೆ ಮಾಮೂಲಿನಷ್ಟೇ ಕಡಿಮೆ ಇದೆಯಲ್ಲ ಎಂದು ಬರೆದುಕೊಂಡು ಕಾರು ಹತ್ತಿದರು. ಲುರೀನ್ ಮಾತ್ರ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು.

"ಎಷ್ಟು ಮನೆ?"

"ತೊಂಬತ್ತು, ಮಿಸ್ ಲುರೀನ್."

"ತೊಂಬತ್ತು ಮನೆ ಸೇರಿದ್ರೂ ನಿನ್ನೊಂದು ತೊಟ್ಟಿಯಷ್ಟು ಎಳೀಲಿಲ್ಲ ನೋಡು."

ಅವಳ ದನಿ ಒಡೆಯಿತು. ಅವಳು ಅತ್ತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನನಗೂ ದುಃಖ ಉಕ್ಕಿ ಬಂತು.

"ಹೋಗ್ಲಿ, ಫೋನ್ ಮಾಡಿ ಮುಚ್ಚಿಸು," ಎಂದಳು. "ಕುಡಿಯೋ ನೀರು ಕಣೋ ಅದು."

ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳಿದೆ. ಏನಾಯಿತೆಂದು ಎಲ್ಲರೂ ಕೇಳಿದರು. ಆಮೇಲೆ ಹೇಳುತ್ತೇನೆ ಎಂದೆ. ಕೊನೆಯ ಮನೆಯ ನಲ್ಲಿಯೂ ನಿಂತ ಮೇಲೆ ಇಬ್ಬರೂ ಕಾಗದದ ಮುಂದೆ ನಿಂತೆವು. ಮುಳ್ಳು ಕೂದಲೆಳೆಯಷ್ಟು ಇಳಿದಿತ್ತು. ನಮ್ಮ ಊರೆಂದರೆ ಅಷ್ಟೇ ಉಳಿದಿತ್ತು.