ಕಾಕಾ ಬರೆದುಕೊಡುತ್ತಿದ್ದ ಚೀಟಿ

ಕಾಕಾ ಅವರ ಬಲಗೈ ನಡುಬೆರಳಿನ ಗೆಣ್ಣು ದಪ್ಪಗೆ ಗಂಟು ಕಟ್ಟಿತ್ತು. ಬೇಗಂ ಬಜಾರಿನ ತಮ್ಮ ಪಾತ್ರೆ ಅಂಗಡಿಯಲ್ಲಿ ಮಾರುವ ಪ್ರತಿ ತಾಮ್ರದ ಕೊಡವನ್ನೂ ಅದೇ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು ಕೇಳಿ, ಸದ್ದು ಸರಿ ಬಂದರಷ್ಟೇ ಗಿರಾಕಿಯ ಕೈಗೆ ಕೊಡುತ್ತಿದ್ದರು. ಬೀದರ್ ಕಡೆಯವರು. ಗಿರಾಕಿಗಳೊಡನೆ ತೆಲುಗು, ಹಿಂದಿ. ನನ್ನೊಡನೆ ಮಾತ್ರ ಊರ ಕನ್ನಡ.

ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ, ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸ ಶುರು ಮಾಡಿದ್ದೆ. ಒಂದು ನರಪಿಳ್ಳೆಯೂ ಹತ್ತಿ ಬರಲಿಲ್ಲ. ಬಂದವರು ಕಾಕಾ. ಮೊಳಕಾಲು ಹಿಡಿದುಕೊಂಡು ಬಂದು, ಅರ್ಧ ದಿನ ನನ್ನ ಪಕ್ಕ ಕೂತು, ಇದ್ಯಾಕ ಹಿಂಗ, ಅದ್ಯಾಕ ಹಂಗ ಎಂದು ಪೀಡಿಸಿ ಹೋದರು. ಮರುದಿನದಿಂದ ಗಿರಾಕಿಗಳು ಅವರ ಚೀಟಿ ಹಿಡಿದು ಬರತೊಡಗಿದರು. ‘ಇವರ ಕೆಲಸ ನಾನು ನೋಡಿದ್ದೇನೆ’ ಎಂದಷ್ಟೇ ಅದರಲ್ಲಿರುತ್ತಿತ್ತು. ತಮ್ಮಲ್ಲಿಲ್ಲದ ಸಾಮಾನಿಗೆ ಬೇರೆ ಅಂಗಡಿ ತೋರಿಸುವಾಗಲೂ ಕಾಕಾ ಇದೇ ಚೀಟಿ ಕೊಡುತ್ತಿದ್ದರು.

ಆ ಉಪಕಾರಕ್ಕೆ ನಾನು ಮಾಡಿದ್ದೇನು? ಅವರಿಗೊಂದು ವೆಬ್‌ಸೈಟ್ ಮಾಡಿ, ಅದರ ಲಿಂಕನ್ನು ನೂರಾರು ಡೈರೆಕ್ಟರಿಗಳಲ್ಲಿ ತುರುಕಿಸಿದೆ. ಅಂಗಡಿಗಳ ಹೆಸರು, ವಿಳಾಸ ಪಟ್ಟಿ ಮಾಡುವ ತಾಣಗಳವು. ಹೆಚ್ಚು ಕಡೆ ಲಿಂಕ್ ಇದ್ದಷ್ಟೂ ಹುಡುಕುವವರಿಗೆ ಅಂಗಡಿ ಮೊದಲು ಕಾಣುತ್ತದೆ ಎಂದು ಏಜೆಂಟನೊಬ್ಬ ಹೇಳಿದ. ಕಣ್ಣು ಮುಚ್ಚಿ ಅವನಿಗೆ ಒಪ್ಪಿಸಿದೆ.

ಒಂದು ದಿನ ಕಾಕಾ ಮತ್ತೆ ಹತ್ತಿ ಬಂದರು. “ನನ್ನ ಹೆಸರು ಎಲ್ಲೆಲ್ಲಿ ಹಾಕೀದಿ, ತೋರ್ಸವ್ವಾ.”

ಹೆಮ್ಮೆಯಿಂದ ಒಂದು ಪುಟ ತೆರೆದೆ. ಅವರ ಅಂಗಡಿಯ ಹೆಸರಿನ ಮೇಲೆ ವಶೀಕರಣದ ಬಾಬಾನ ಜಾಹೀರಾತು, ಕೆಳಗೆ ಜೂಜಾಟದ್ದು. ಗಾಬರಿಯಿಂದ ಇನ್ನೊಂದು ತೆರೆದೆ. ಅಲ್ಲಿ ಈ ಭೂಮಿಯ ಮೇಲೆ ಹುಟ್ಟಿಯೇ ಇರದ ಹತ್ತಾರು ಮಂದಿ ಅವರ ಕೊಡಗಳನ್ನು ಹೊಗಳಿದ್ದರು.

“ಇವ್ರು ಯಾರು? ನಮ್ಮ ಅಂಗಡಿಗಿ ಯಾವಾಗ ಬಂದಿದ್ರು?”

“ಬಂದಿಲ್ರಿ ಕಾಕಾ. ಎಲ್ಲಾರೂ ಹಂಗ ಬರಸ್ತಾರ್ರಿ.”

“ಒಂದು ಚೀಟಿ ಬರ್ಯಾಕ ನಾ ಈ ಮೊಳಕಾಲು ತಗೊಂಡು ಇಷ್ಟು ಪಾವಟಿಗಿ ಹತ್ತಿ ಬಂದಿದ್ದೆ. ನೀ ಕುಂತಲ್ಲೇ ಕುಂತು ಒಂದರೆ ನೋಡಿದೇನು?”

ನೋಡಿರಲಿಲ್ಲ. “ತಗದ್ ಹಾಕು,” ಎಂದಷ್ಟೇ ಹೇಳಿ ಇಳಿದು ಹೋದರು.

ತೆಗೆಯುವುದೆಂದರೆ! ಹಾಕುವುದಕ್ಕೆ ಒಂದು ನಿಮಿಷ ಸಾಕು. ತೆಗೆಯಿರಿ ಎಂದು ಬರೆದರೆ ಉತ್ತರವೇ ಇಲ್ಲ. ಏಜೆಂಟ್ ಫೋನ್ ಎತ್ತಲಿಲ್ಲ. ಒಂದು ತಾಣವಂತೂ ಹೆಸರು ಅಳಿಸಲು ದುಡ್ಡು ಕೇಳಿತು. ಒಬ್ಬ ಮರ್ಯಾದಸ್ಥನ ಹೆಸರೇನು ಇವರಪ್ಪನ ಆಸ್ತಿಯೇ, ಒತ್ತೆ ಇಟ್ಟುಕೊಳ್ಳಲು? ನಾಚಿಕೆಗೆಟ್ಟವರು. ಆ ಸಾಲಿನಲ್ಲಿ ನಾನೂ ಒಬ್ಬಳು ಎಂಬುದಕ್ಕೇ ನನಗೆ ಇನ್ನಷ್ಟು ಸಿಟ್ಟು. ಕೆಲವನ್ನು ತೆಗೆಸಿದೆ, ಬಹಳಷ್ಟು ಉಳಿದವು. ಅಷ್ಟರಲ್ಲಿ ಕಾಕಾ ತೀರಿಕೊಂಡರು.

ಅಂಗಡಿಗೆ ಬೀಗ ಬಿದ್ದಿದೆ. ಡೈರೆಕ್ಟರಿಗಳಲ್ಲಿ ಮಾತ್ರ ಇವತ್ತಿಗೂ ‘ಈಗ ತೆರೆದಿದೆ’. ಅದನ್ನು ನಂಬಿ, ಮದುವೆ ಸಾಮಾನಿಗೆಂದು ದೂರದಿಂದ ಬಂದವರು ಬೀಗದ ಮುಂದೆ ನಿಲ್ಲುತ್ತಾರೆ. ಕಿಟಕಿಯಿಂದ ಕಂಡರೆ ಇಳಿದು ಹೋಗಿ ಕ್ಷಮೆ ಕೇಳುತ್ತೇನೆ, ಹಿಂದಿನ ಗಲ್ಲಿಯ ಅಂಗಡಿಗೊಂದು ಚೀಟಿ ಬರೆದುಕೊಡುತ್ತೇನೆ. ಮೊದಲ ಚೀಟಿ ಬರೆಯುವ ಮುಂಚೆ ಆ ಅಂಗಡಿಗೆ ಹೋಗಿ, ಒಂದಿಡೀ ಬೆಳಗ್ಗೆ ಅಲ್ಲಿಯ ಕೊಡಗಳನ್ನು ಕುಟ್ಟಿ ಕುಟ್ಟಿ ಕೇಳಿದ್ದೆ. ಗೆಣ್ಣು ಎರಡು ದಿನ ನೋಯುತ್ತಿತ್ತು.